ಕಣಿಕೆ ಬೆಂಡಿನ ಹೆಲಿಕಾಪ್ಟರ್

ಒಣಗಿದ ಜೋಳದ ದಂಟನ್ನು ಸೀಳಿದಾಗ ಒಳಗಿನ ಬೆಂಡಿನಿಂದ ಒಂದು ವಾಸನೆ ಬರುತ್ತದೆ. ಬೆಲ್ಲ ಇಟ್ಟು ಖಾಲಿ ಮಾಡಿದ ಹಳೆಯ ಡಬ್ಬಿಯನ್ನು ಬಿಸಿಲಿಗೆ ತೆರೆದಿಟ್ಟರೆ ಬರುವಂಥದು. ಕಳೆದ ಫೆಬ್ರವರಿಯಲ್ಲಿ ನಾನು ಸಿಂದಗಿಯಿಂದ ದೇವರ ಹಿಪ್ಪರಗಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಕಣಿಕೆ ಹೇರಿದ ಟ್ರ್ಯಾಕ್ಟರೊಂದು ಎದುರಿಗೆ ಬಂದು, ರಸ್ತೆ ಸಾಲದೆ, ನಮ್ಮ ಬಸ್ಸಿನ ಮಗ್ಗುಲನ್ನು ಉಜ್ಜಿಕೊಂಡು ಹೋಯಿತು. ತೆನೆ ಮುರಿದ ಮೇಲೆ ದನಗಳ ಮೇವಿಗೆಂದು ಉಳಿಯುವ ಆ ದಂಟುಗಳಲ್ಲಿ ನಾಲ್ಕಾರು ಕಿಟಕಿಯ ಸರಳಿಗೆ ಸಿಕ್ಕಿ ಮುರಿದವು, ಒಂದು ತುಂಡು ನನ್ನ ಮಡಿಲಿಗೆ ಬಿತ್ತು. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಅದನ್ನು ಹೊರಗೆ ಎಸೆಯಲೆಂದು ಕೈ ಚಾಚಿದಳು. ನಾನು ಕೊಡಲಿಲ್ಲ. ಆ ವಾಸನೆಗೆ ನನ್ನೊಳಗೆ ಒಂದೇ ಜಾಗವಿದೆ: ಆಲಮೇಲದ ನಮ್ಮ ಮನೆಯ ಪಡಸಾಲೆ, ಮಾಳಿಗೆಯ ಬೆಳಕಿಂಡಿಯಿಂದ ಇಳಿಯುತ್ತಿದ್ದ ದುಂಡನೆಯ ಬಿಸಿಲು, ಆ ಬಿಸಿಲೊಳಗೆ ಚಕ್ಕಳಮಕ್ಕಳ ಹಾಕಿ ಕುಳಿತ ಕಾಕಾ, ಅವರ ಮೊಣಕಾಲ ಮೇಲೆ ಒಂದು ಅರೆಬರೆ ಹೆಲಿಕಾಪ್ಟರ್.

ಕಾಕಾ ನನ್ನ ತಂದೆಯ ತಮ್ಮ. ಮಿಲಿಟರಿಯಲ್ಲಿ ಹೆಲಿಕಾಪ್ಟರುಗಳನ್ನು ಬಿಚ್ಚಿ ಜೋಡಿಸುವ ಕೆಲಸ ಮಾಡುತ್ತಿದ್ದರು. ನಾನು ಮೂರನೇ ಇಯತ್ತೆಯಲ್ಲಿದ್ದಾಗ, ಅವಧಿ ಮುಗಿಯಲು ಇನ್ನೂ ನಾಲ್ಕು ವರ್ಷ ಇರುವಂತೆಯೇ, ನೌಕರಿ ಬಿಟ್ಟು ಒಂದು ಕಬ್ಬಿಣದ ಟ್ರಂಕು ಹೊತ್ತು ಊರಿಗೆ ಬಂದರು. ಯಾಕೆ ಬಂದರೆಂದು ಮನೆಯಲ್ಲಿ ಯಾರೂ ಅವರ ಎದುರಿಗೆ ಕೇಳಲಿಲ್ಲ. ಅವರಿಗೂ ಅವರ ಹೆಂಡತಿ ಕಾಕುವಿಗೂ ಮಕ್ಕಳಿರಲಿಲ್ಲ. ಭೀಮಾ ದಂಡೆಯ ಕಬ್ಬಿನ ಹೊಲಗಳಲ್ಲಿ ಸುಟ್ಟುಹೋದ ಪಂಪ್‌ಸೆಟ್ಟು ಮೋಟರುಗಳಿಗೆ ಹೊಸ ತಂತಿ ಸುತ್ತಿಕೊಡುವುದನ್ನು ಕಾಕಾ ಹಿಡಿದುಕೊಂಡರು. ಮುಂಜಾನೆ ಮೋಟರು, ಮಧ್ಯಾಹ್ನ ಊಟವಾದ ಮೇಲೆ, ಬೆಳಕಿಂಡಿಯ ಬಿಸಿಲು ಪಡಸಾಲೆಯ ನೆಲಕ್ಕೆ ಇಳಿಯುವ ಹೊತ್ತಿಗೆ, ಹೆಲಿಕಾಪ್ಟರ್. ಬಿಸಿಲು ಪೂರ್ವದ ಗೋಡೆಯ ಕಡೆಗೆ ಸರಿದಂತೆಲ್ಲ ಅವರೂ ಹಲಗೆ ಎಳೆದುಕೊಂಡು ಸರಿಯುತ್ತಿದ್ದರು. ಬಿಸಿಲು ಗೋಡೆ ಹತ್ತಿತೆಂದರೆ ಅಂದಿನ ಕೆಲಸ ಮುಗಿಯಿತು.

ನಮ್ಮ ಕಡೆ ಹುಡುಗರು ಕಣಿಕೆಯಿಂದ ಎತ್ತಿನ ಗಾಡಿ ಮಾಡಿ ಆಡುವುದು ಹಳೆಯದು. ದಂಟಿನ ಸಿಪ್ಪೆ ಸುಲಿದರೆ ಒಳಗೆ ಹಗುರವಾದ ಬಿಳಿ ಬೆಂಡು; ಆ ಸಿಪ್ಪೆಯನ್ನೇ ಸೂಜಿಯಂತೆ ಸೀಳಿ ಬೆಂಡಿಗೆ ಚುಚ್ಚಿದರೆ ಮೊಳೆ ಬೇಕಿಲ್ಲ. ನಿಮ್ಮಲ್ಲೂ ಕೆಲವರು ಮಾಡಿರಬಹುದು, ಬೆರಳು ಕೊಯ್ದುಕೊಂಡಿರಬಹುದು. ಕಾಕಾ ಅದೇ ಬೆಂಡಿನಲ್ಲಿ ತಾವು ವರ್ಷಗಟ್ಟಲೆ ಕೈಯಾಡಿಸಿದ ಹಳೆಯ ಚೇತಕ್ ಹೆಲಿಕಾಪ್ಟರನ್ನು ಅಳತೆ ತಪ್ಪದಂತೆ ಕಟ್ಟುತ್ತಿದ್ದರು. ಅಲ್ಲಿಯ ಇಪ್ಪತ್ತು ಇಂಚು ಇಲ್ಲಿ ಒಂದು. ಯಾವ ನಕ್ಷೆಯೂ ಇರಲಿಲ್ಲ, ಎಲ್ಲ ಅಳತೆಗಳೂ ತಲೆಯಲ್ಲಿದ್ದವು. ಮೇಲಿನ ಮೂರು ರೆಕ್ಕೆಗಳಿಗೆ ಉದ್ದನೆಯ ಸಿಪ್ಪೆ. ಅವು ತುದಿಯಲ್ಲಿ ತುಸು ಜೋತು ಬಿದ್ದಾಗ ನಾನು ಕೆಟ್ಟಿತೆಂದು ತಿಳಿದೆ. ನಿಂತ ಹೆಲಿಕಾಪ್ಟರಿನ ರೆಕ್ಕೆ ಹಾಗೆಯೇ ಜೋಲುತ್ತವೆ, ತಿರುಗಿದಾಗಷ್ಟೇ ನೆಟ್ಟಗಾಗುತ್ತವೆ ಎಂದು ಕಾಕಾ ಹೇಳಿದರು. ಗಾಲಿಗಳಿಗೆ ಇಂಜೆಕ್ಷನ್ ಬಾಟಲಿಯ ರಬ್ಬರ್ ಮುಚ್ಚಳ. ಮುಂಭಾಗದ ಗಾಜಿಗೆ ಕಾಕುವಿನ ಎದೆಯ ಎಕ್ಸ್‌ರೇ ಹಾಳೆ, ಬ್ಲೀಚಿಂಗ್ ಪುಡಿಯ ನೀರಿನಲ್ಲಿ ನೆನೆಹಾಕಿ ಉಜ್ಜಿ ಚಿತ್ರ ಅಳಿಸಿದ್ದು. ಕಾಕು ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದರು. "ನನ್ನ ಎಲುಬು ತೊಳದು ಕಿಡಕಿ ಮಾಡ್ಯಾರ ನೋಡ್ರಿ," ಎನ್ನುತ್ತಿದ್ದರು. ಹೇಳುವಾಗ ಮುಖದಲ್ಲಿ ಸಿಟ್ಟು ಹುಡುಕಿದರೂ ಸಿಗುತ್ತಿರಲಿಲ್ಲ.

ಅಜ್ಜಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಆಯಿಗೆ ಮಾತ್ರ ಇದು ಹಿಡಿಸಿರಲಿಲ್ಲ. ಕಾಕಾ ಬಣವೆಯಿಂದ ನೆಟ್ಟನೆಯ ದಂಟುಗಳನ್ನು ಆರಿಸಿ ಎಳೆಯುವುದನ್ನು ನೋಡಿ, ಅವರಿಗೆ ಕೇಳುವಂತೆ ನನಗೆ ಹೇಳುತ್ತಿದ್ದಳು: "ಎಮ್ಮಿ ಬಾಯಾಗಿಂದು ಕಸಗೊಂಡು ಇಮಾನ ಮಾಡಾಕತ್ತಾನ ನಿಮ್ಮ ಕಾಕಾ. ಅದನ್ನ ಹತ್ತಿ ಯಾವ ಊರಿಗಿ ಹೊಂಟಾನ ಕೇಳು." ಅಂಟಿನ ವಿಷಯದಲ್ಲಂತೂ ಅವಳ ಮಾತೇ ನಡೆಯಿತು. ಮೈದಾ ಕುದಿಸಿ ಮಾಡುವ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕಿದರೆ ಹುಳ ಹತ್ತುವುದಿಲ್ಲ ಎಂದು ಕಾಕಾಗೆ ಗೊತ್ತಿತ್ತು. ಉಣ್ಣುವ ಮನೆಯ ಪಾತ್ರೆಯಲ್ಲಿ ವಿಷ ಕುದಿಸಗೊಡುವುದಿಲ್ಲ ಎಂದು ಆಯಿ ಒಲೆಯ ಮುಂದೆ ಕುಳಿತುಬಿಟ್ಟಳು. ಕಾಕಾ ನಕ್ಕು ಬರೀ ಮೈದಾದಲ್ಲೇ ಅಂಟಿಸಿದರು.

ನನ್ನ ಪಾಲಿಗೆ ಬಂದದ್ದು ನೋಡುವ ಕೆಲಸ. ಕಾಕಾ ಒಂದು ನೋಟುಬುಕ್ಕಿನ ಹಾಳೆಗಳನ್ನು ನಡುವೆ ಗೆರೆ ಎಳೆದು ಎರಡು ಮಾಡಿದ್ದರು. ಎಡಕ್ಕೆ 'ಮಾಡಿದವರು', ಬಲಕ್ಕೆ 'ನೋಡಿದವರು'. ಒಂದು ಭಾಗ ಜೋಡಿಸಿದ ಮೇಲೆ ಅವರು ಎಡಕ್ಕೆ ಸಹಿ ಹಾಕಿ, ಎದ್ದು, ಹಲಗೆ ನನಗೆ ಬಿಟ್ಟುಕೊಡುತ್ತಿದ್ದರು. ನಾನು ಬಗ್ಗಿ, ಬೆರಳು ತಾಕಿಸದೆ, ಪ್ರತಿ ಕೀಲು, ಪ್ರತಿ ಗಂಟು ನೋಡಿ ಬಲಕ್ಕೆ ಸಹಿ ಹಾಕಬೇಕು. ಮೋಟರಿನ ತಾಮ್ರದ ತಂತಿಯಿಂದ ತೆಗೆದ ಕೂದಲಿನಂಥ ಎಳೆಗಳನ್ನು ಅವರು ಕೂಡಿಕೆ ಇದ್ದಲ್ಲೆಲ್ಲ ಹೊಸೆದು ಬಿಗಿದಿರುತ್ತಿದ್ದರು, ಅವನ್ನು ಎಣಿಸಬೇಕು. ನಾನಿಲ್ಲದ ದಿನ ಕೆಲಸ ಮುಂದೆ ಹೋಗುತ್ತಿರಲಿಲ್ಲ. ನೀವೇ ಯಾಕೆ ನೋಡಬಾರದು ಎಂದು ಒಮ್ಮೆ ಕೇಳಿದ್ದಕ್ಕೆ, "ಮಾಡಿದಂವ ನೋಡಿದ್ರ ಅದು ನೋಡಿದಂಗ ಅಲ್ಲವ್ವಾ. ಕೈ ಮಾಡಿದ್ದನ್ನ ಕಣ್ಣು ಸುಮ್ಮ ನಂಬಿಬಿಡ್ತಾವ," ಎಂದರು. ನನ್ನ ಜೀವನದ ಮೊದಲ ಸಹಿ ಆ ನೋಟುಬುಕ್ಕಿನದು. ಅದನ್ನು ಪಾಟಿಯ ಮೇಲೆ ನೂರು ಸಲ ಬರೆದು ಕಲಿತಿದ್ದೆ. ಎರಡು ವರ್ಷ, ಬಿಸಿಲಿದ್ದ ಮಧ್ಯಾಹ್ನಗಳಲ್ಲಿ, ನಾನು ಆ ಮನೆಯ ಬಹಳ ಮುಖ್ಯ ವ್ಯಕ್ತಿಯಾಗಿದ್ದೆ.

ಬಣ್ಣ ಒಂದನ್ನು ಬಿಟ್ಟರೆ ಉಳಿದಿದ್ದದ್ದು ಬಾಲದ ತುದಿಯ ಚಿಕ್ಕ ಪಂಖಾ. ಬಣ್ಣ ಕಡೆಗೆ ಎಂದು ಕಾಕಾ ಮೊದಲೇ ಹೇಳಿದ್ದರು, ಬಣ್ಣ ಹಚ್ಚಿದರೆ ಒಳಗಿನದು ಕಾಣುವುದಿಲ್ಲ. ಬಾಲದ ಹತ್ತಿರ ಬಂದಮೇಲೆ ಅವರು ತೀರ ನಿಧಾನವಾದರು. ಅದೇ ಪಂಖಾವನ್ನು ಮೂರು ಸಲ ಕೊರೆದರು, ಮೂರು ಸಲ ಕಿತ್ತರು. ಕೊನೆಗೆ ಒಂದು ದಿನ ಅದು ಕೂತಿತು. ಅದರ ಅಚ್ಚಿನ ತುದಿಯಲ್ಲಿ ಒಂದು ತೂತು, ಆ ತೂತಿಗೆ ಗುಂಡುಸೂಜಿಯ ಚೂರೊಂದನ್ನು ಪಿನ್ನಿನಂತೆ ತೂರಿಸಿ ಬಾಗಿಸಬೇಕು, ಗಾಡಿಯ ಗಾಲಿ ಕಳಚದಂತೆ ಅಚ್ಚಿಗೆ ಕೀಲು ಹಾಕುವ ಹಾಗೆ. ಅಂದು ನನ್ನ ಸಾಲಿಯ ಅಂಗಿ ಹೊಲಿಸಲು ಅವ್ವ ನನ್ನನ್ನು ಸಿಂದಗಿಗೆ ಕರೆದೊಯ್ಯುವವಳಿದ್ದಳು. ಬಸ್ಸು ಬರುವ ಹೊತ್ತಾಗಿತ್ತು, ಅವ್ವ ಹೊಸ್ತಿಲ ಹೊರಗೆ ನಿಂತು ಎರಡನೆಯ ಸಲ ಕರೆದಳು. ಕಾಕಾ ಎಡಕ್ಕೆ ಸಹಿ ಹಾಕಿ ಏಳುತ್ತಿದ್ದರು. ನಾನು ಒಂದು ಕಾಲು ಚಪ್ಪಲಿಯಲ್ಲಿಟ್ಟುಕೊಂಡೇ ಬಗ್ಗಿ, ಬಲಕ್ಕೆ ಸಹಿ ಹಾಕಿ, ಓಡಿದೆ.

ಸಂಜೆ ಮರಳಿ ಬಂದಾಗ ಬಿಸಿಲು ಗೋಡೆ ಹತ್ತಿ ಹೋಗಿತ್ತು. ಕಾಕಾ ಇನ್ನೂ ಹಲಗೆಯ ಮುಂದೆಯೇ ಇದ್ದರು. ಇನ್ನೂ ಬಾಗಿಸದ ಗುಂಡುಸೂಜಿಯ ಚೂರು ಪಕ್ಕದ ಚಿಕ್ಕ ತಾಟಿನಲ್ಲಿತ್ತು. ತೂರಿಸಬೇಕೆನ್ನುವಷ್ಟರಲ್ಲಿ ಯಾರೋ ರೈತರು ಬಾಗಿಲಲ್ಲಿ ಮೋಟರಿನ ವಿಷಯ ಕೇಳಿದ್ದರಂತೆ. ಮಾತು ಮುಗಿಸಿ ಬಂದವರು ತೂರಿಸಿದ್ದೇನೆ ಎಂದುಕೊಂಡೇ ಸಹಿ ಮಾಡಿದ್ದರು. ಇದೆಲ್ಲ ಆಮೇಲೆ ತಿಳಿದದ್ದು. ಆಗ ಅವರು ಕೇಳಿದ್ದು ಒಂದೇ.

"ನೀ ನೋಡಿದ್ಯಾ?"

"ನೋಡೀನ್ರಿ ಕಾಕಾ," ಎಂದೆ.

ತಾಟು ನನ್ನ ಕಣ್ಣಿಗೆ ಬಿದ್ದದ್ದು ಹೇಳಿದ ಮೇಲೆ. ಅವರು ಬೈಯಲಿಲ್ಲ. ಬೈದಿದ್ದರೆ ಅಳಬಹುದಿತ್ತು. ನನ್ನ ಕಡೆ ನೋಡದೆ, ತಮ್ಮಷ್ಟಕ್ಕೆ ಹೇಳಿಕೊಳ್ಳುವಂತೆ ಹೇಳತೊಡಗಿದರು. ಮಿಲಿಟರಿಯಲ್ಲೂ ಇದೇ ಪದ್ಧತಿ, ಒಬ್ಬ ಮಾಡುವುದು, ಇನ್ನೊಬ್ಬ ನೋಡುವುದು. ನೌಕರಿ ಬಿಡುವ ಮುಂಚಿನ ಚಳಿಗಾಲದ ಒಂದು ದಿನ ಬಾಲದ ಪಂಖಾ ಕೂರಿಸಿದವನು ಅವರ ಗೆಳೆಯ. ನೋಡಬೇಕಾದವರು ಇವರು. "ಭಾಳ ಥಂಡಿ ಇತ್ತು. ಛಾ ಬಂದಿತ್ತು. ನಿಚ್ಚಣಿಕಿ ಏರಿ ನೋಡಬೇಕಾಗಿತ್ತು, ಏರಲಿಲ್ಲ. ಅಂವ ಪಿನ್ ಹಾಕೀನಿ ಅಂದ, ನಾ ಸಹಿ ಮಾಡಿದೆ." ಆ ಹೆಲಿಕಾಪ್ಟರ್ ಮುಂಜಾನೆ ಹಾರಿ, ಒಂದು ಹೊಳೆಯ ಮೇಲೆ ತಿರುತಿರುಗಿ ಬಿತ್ತು. ಅದರೊಳಗಿದ್ದ ಇಬ್ಬರಲ್ಲಿ ಒಬ್ಬ ಉಳಿಯಲಿಲ್ಲ. ಮುರಿದ ಬಾಲ ನೀರಿನಲ್ಲಿ ಹೋಗಿ ಸಿಗಲೇ ಇಲ್ಲ. ವಿಚಾರಿಸಿದಾಗ ಗೆಳೆಯ ಹಾಕಿದ್ದೇನೆ ಎಂದ, ಇವರು ನೋಡಿದ್ದೇನೆ ಎಂದರು, ಮೇಲಿನವರು ಇಬ್ಬರನ್ನೂ ನಂಬಿದರು.

"ಪಿನ್ ಇತ್ತೋ ಇಲ್ಲೋ ನನಗ ಇವತ್ತಿಗೂ ಗೊತ್ತಿಲ್ಲವ್ವಾ," ಎಂದರು ಕಾಕಾ. "ನಾ ನೋಡೇ ಇಲ್ಲ."

ನನಗಾಗ ಹನ್ನೊಂದು ವರ್ಷ. ಅರ್ಥವಾದದ್ದು ಅರ್ಧ, ಆದರೆ ಹೆದರಿದ್ದು ಪೂರ್ತಿ. ಯಾರಿಗೂ ಹೇಳಬೇಡ ಎಂದು ಅವರು ಹೇಳಲಿಲ್ಲ. ಕಾಕುವಿಗೂ ಹೇಳಿಲ್ಲ ಎಂದಷ್ಟೇ ಹೇಳಿದರು. ಆಮೇಲೆ ತಾಟಿನಿಂದ ಪಿನ್ನು ಎತ್ತಿ, ತೂರಿಸಿ, ಬಾಗಿಸಿ, ಹೆಲಿಕಾಪ್ಟರನ್ನು ಅಟ್ಟದ ಮೇಲೆ ಹಳೆಯ ಧೋತರದ ತುಂಡು ಹೊದಿಸಿ ಇಟ್ಟರು. ಮರುದಿನ ಬಿಸಿಲು ಪಡಸಾಲೆಗೆ ಇಳಿದಾಗ ಅಲ್ಲಿ ಯಾರೂ ಕೂರಲಿಲ್ಲ. ಬಣ್ಣ ಯಾವಾಗ ಎಂದು ವಾರ ಬಿಟ್ಟು ಕೇಳಿದೆ. "ನೋಡೂಣಂತ," ಎಂದು ತಲೆ ಸವರಿದರು. ನನ್ನೊಂದಿಗೆ ಅವರ ನಡತೆ ಕಿಂಚಿತ್ತೂ ಬದಲಾಗಲಿಲ್ಲ. ಪೇಟೆಗೆ ಹೋದರೆ ಶೇಂಗಾ ಉಂಡಿ ತರುತ್ತಿದ್ದರು, ಲೆಕ್ಕ ತಪ್ಪಿದರೆ ಹೇಳಿಕೊಡುತ್ತಿದ್ದರು. ಆದರೆ ಯಾವುದನ್ನೂ ನೋಡು ಎಂದು ಮತ್ತೆ ಕರೆಯಲಿಲ್ಲ. ಅವರು ಮತ್ತೊಮ್ಮೆ ಕೈಯಾರೆ ಕಟ್ಟಿ, ಈ ಸಲವಾದರೂ ಎರಡು ಕಣ್ಣು ನಿಜವಾಗಿ ನೋಡಿದ ಒಂದು ಹೆಲಿಕಾಪ್ಟರ್ ಜಗತ್ತಿನಲ್ಲಿರಲಿ ಎಂದು ಬಯಸಿದ್ದರು. ಆ ಕಣ್ಣುಗಳನ್ನು ನನ್ನಲ್ಲಿ ಹುಡುಕಿದ್ದರು. ಇದನ್ನು ತಿಳಿಯುವಷ್ಟು ನಾನು ದೊಡ್ಡವಳಾಗುವ ಹೊತ್ತಿಗೆ ಕೇಳಬೇಕಾದ ಕ್ಷಮೆ ಇತ್ತು, ಕೇಳುವ ಧೈರ್ಯ ಇರಲಿಲ್ಲ. ನಾನು ಮೊದಲಿನಿಂದಲೂ ಮಾತು ಕಡಿಮೆಯವಳು ಎಂದು ಮನೆಯವರು ಹೇಳುತ್ತಾರೆ. ಮೊದಲಿನಿಂದಲ್ಲ, ಆ ಸಂಜೆಯಿಂದ.

ತಂದೆಗೆ ಮುದ್ದೇಬಿಹಾಳಕ್ಕೆ ವರ್ಗವಾಯಿತು, ನಾವು ಹೋದೆವು. ಆಯಿ ತೀರಿಕೊಂಡಳು. ನಾನು ಧಾರವಾಡದಲ್ಲಿ ಓದುತ್ತಿದ್ದಾಗ ಕಾಕಾ ಒಂದು ಮಧ್ಯಾಹ್ನ, ಮೋಟರಿನ ಮುಂದೆ ಕುಳಿತಲ್ಲೇ, ಎದೆ ಹಿಡಿದುಕೊಂಡು ಹೋದರು. ನಾನು ತಲುಪುವಷ್ಟರಲ್ಲಿ ಮಣ್ಣಾಗಿತ್ತು. ಮರುವರ್ಷ ರಸ್ತೆ ಅಗಲ ಮಾಡುವಾಗ ಮನೆಯ ಮುಂಭಾಗ ಹೋಯಿತು. ಉಳಿದದ್ದು ಮಾಳಿಗೆಯ ಭಾರ ತಡೆಯದೆ ಒಂದು ಮಳೆಗೆ ಕುಸಿಯಿತು. ಈಗ ಅಲ್ಲಿ ಬಸ್ಸುಗಳು ತಿರುಗಿಕೊಳ್ಳುತ್ತವೆ. ಬೆಳಕಿಂಡಿ ಇದ್ದ ಜಾಗವನ್ನು ಹೆಜ್ಜೆ ಹಾಕಿ ಅಳೆದು ಕಂಡುಹಿಡಿಯಲು ಒಮ್ಮೆ ಪ್ರಯತ್ನಿಸಿದೆ. ಬಿಸಿಲು ಎಲ್ಲ ಕಡೆಯೂ ಇತ್ತು.

ಕಾಕು ದೇವರ ಹಿಪ್ಪರಗಿಯ ತವರಿನಲ್ಲಿ, ತಮ್ಮನ ಮನೆಯಲ್ಲಿದ್ದರು. ಈ ಶ್ರಾವಣದಲ್ಲಿ ತೀರಿಕೊಂಡರು, ಇಲ್ಲದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಫೆಬ್ರವರಿಯ ಆ ಪಯಣ ಅವರನ್ನು ನೋಡಲೆಂದೇ. ಹೆಲಿಕಾಪ್ಟರ್ ಏನಾಯಿತು ಎಂದು ಅಷ್ಟು ವರ್ಷಗಳ ಮೇಲೆ ಮೊದಲ ಸಲ ಕೇಳಿದೆ. ಮನೆ ಖಾಲಿ ಮಾಡುವಾಗ ಅಟ್ಟದಿಂದ ಇಳಿಸಿ ಧೋತರ ಎತ್ತಿದರೆ ನುಸಿ ತಿಂದು ಎಲ್ಲ ಹಿಟ್ಟಾಗಿತ್ತು, ಎಂದರು ಕಾಕು. ಎಕ್ಸ್‌ರೇ ಹಾಳೆ, ರಬ್ಬರು, ಒಂದಿಷ್ಟು ತಾಮ್ರದ ಎಳೆ, ಅಷ್ಟೇ ಉಳಿದಿದ್ದವು. ಧೋತರ ಕೊಡವಿ ತಿಪ್ಪೆಗೆ ಹಾಕಿ ಬಂದಿದ್ದರು. ಅದನ್ನು ಹೇಳಿ ಛಾದ ಬಸಿ ಕೆಳಗಿಟ್ಟು, ತಾವಾಗಿಯೇ ಬೇರೆ ಮಾತು ತೆಗೆದರು.

"ಅವ್ರು ಮಿಲಿಟರಿ ಬಿಟ್ಟ ವರ್ಸ ಥಂಡ್ಯಾಗ ನನ್ನ ಹೊಟ್ಯಾಗಿನ ಕೂಸು ಹೋಗಿತ್ತು. ನಿಮ್ಮಪ್ಪನ ಕಡಿಂದ ಅವ್ರಿಗಿ ಒಂದು ಪತ್ರ ಬರಸಿದ್ದೆ, ಅಳಕೋತ. ಎರಡ ತಿಂಗಳಿಗಿ ನೌಕರಿ ಬಿಟ್ಟ ಬಂದ್ರು. ನನ್ನ ಸಲುವಾಗೇ ಬಂದದ್ದಂತ ಬಾಯಿಲೆ ಒಂದಿನಾ ಅನಲಿಲ್ಲ ಖರೆ, ನನಗ ಗೊತ್ತಿತ್ತು." ನನ್ನ ಕೈ ಹಿಡಿದು ಕೇಳಿದರು, "ನೀ ಅವ್ರ ಬಾಜೂಕ ಕುಂದರತಿದ್ದಿ. ನಿನ್ನ ಮುಂದ ಏನರ ಅಂದಿದ್ರೇನು?"

ಆ ಪತ್ರ ಹೋದದ್ದೂ ಆ ಹೊಳೆಯ ಮೇಲಿನ ಮುಂಜಾನೆಯೂ ಒಂದೇ ಚಳಿಗಾಲದವು. ಯಾವುದಕ್ಕಾಗಿ ಬಂದರೆಂದು ಹೇಳಲು ನಾನು ಅವರ ಮನಸ್ಸಿನೊಳಗೆ ಇಳಿದು ನೋಡಿದವಳಲ್ಲ. ಈ ಸಲ ನನಗೆ ಯಾವ ಬಸ್ಸಿನ ಅವಸರವೂ ಇರಲಿಲ್ಲ. ಕಾಕುವಿನ ಮುಖವನ್ನು ಸಾವಕಾಶ ನೋಡಿದೆ.

"ಅಂದಿದ್ರು ಕಾಕು. ನಿಮ್ಮ ಸಲುವಾಗೇ ಬಂದೀನಿ ಅಂದಿದ್ರು," ಎಂದೆ.

ಅವರು ಕೈ ಬಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಒಳಗೆ ರೊಟ್ಟಿ ಬಡಿಯುತ್ತಿದ್ದ ತಮ್ಮನ ಹೆಂಡತಿಗೆ ಕೇಳುವಂತೆ, ಆಲಮೇಲ ಬಿಟ್ಟ ಮೇಲೆ ನಾನು ಕೇಳಿರದಿದ್ದ ದನಿಯಲ್ಲಿ, "ಕೇಳಿದ್ಯೇನ, ಇಕಿ ಮುಂದ ಹೇಳಿದ್ರಂತ," ಎಂದರು. ರೊಟ್ಟಿಯ ಸದ್ದು ನಿಂತಿತು. ಏನಂತ ಎಂದು ಆಕೆ ಕೇಳಿದಳು. ಕಾಕು ಪತ್ರ ಬರೆಸಿದಲ್ಲಿಂದ ಹಿಡಿದು ಮತ್ತೆ ಎಲ್ಲವನ್ನೂ ಹೇಳತೊಡಗಿದರು. ಅದು ಹೌದೋ ಅಲ್ಲವೋ ಎಂದು ಹೇಳಬಲ್ಲವರು ಈಗ ಯಾರೂ ಉಳಿದಿಲ್ಲ. ಇದ್ದ ನಾನೊಬ್ಬಳು, ಹೌದು ಎಂದಿದ್ದೇನೆ.