ಮದುವೆ ಫ್ಲೆಕ್ಸಿನ ಗೆಳತಿಯರು

ಹೋದ ವರ್ಷದ ಬೇಸಿಗೆ. ಗಂಗಾವತಿಯ ನನ್ನ ಫ್ಲೆಕ್ಸ್ ಅಂಗಡಿಯಲ್ಲಿ ಮದುವೆ ಸೀಸನ್ನಿನ ಭರಾಟೆ. ಏಳನೇ ತರಗತಿಗೆ ಶಾಲೆ ಬಿಟ್ಟವನು ನಾನು, ಡಿಸೈನಿಂಗ್ ನೋಡಿ ನೋಡಿಯೇ ಕಲಿತೆ. ಇವತ್ತು ಕುಷ್ಟಗಿ, ಯಲಬುರ್ಗಾದವರೂ ನನ್ನನ್ನು ಹುಡುಕಿಕೊಂಡು ಬರುತ್ತಾರೆ.

ನಮ್ಮ ಕಡೆ ಫ್ಲೆಕ್ಸಿನಲ್ಲಿ ಮೇಲಿನ ದೊಡ್ಡ ಮುಖಕ್ಕಿಂತ ಕೆಳಗಿನ ‘ಶುಭ ಕೋರುವವರು’ ಸಾಲೇ ಮುಖ್ಯ. ಅಲ್ಲಿ ಒಬ್ಬರ ಫೋಟೊ ಬಿಟ್ಟುಹೋದರೂ ಅವರು ಊಟಕ್ಕೆ ಬರುವುದಿಲ್ಲ.

ಒಂದು ಮಧ್ಯಾಹ್ನ ಮರಳಿ ಎಂಬ ಊರಿನ ಕಡೆಯ ಹಳ್ಳಿಯ ಹಿರಿಯರೊಬ್ಬರು ಬಂದರು. ತಮ್ಮನ ಮಗಳು ರೇಣುಕಾಳ ಮದುವೆ, ಬರುವ ಶುಕ್ರವಾರ. ಮದುಮಗಳ ಫೋಟೊ ಮೊಬೈಲಿನಲ್ಲಿ ಕಳಿಸಿದರು. ರೇಷ್ಮೆ ಸೀರೆ, ಇಪ್ಪತ್ತು ದಾಟಿದ ಮುಖ. ಹಿಗ್ಗಿಸಿ ನೋಡಿದರೆ ಎಡಗಿವಿಯ ಝುಮುಕಿ ಕೂದಲಿನೊಳಗೆ ಕರಗಿತ್ತು. ಎಐ ಕೆಲಸ ಎಂದು ಗೊತ್ತಾಯಿತು. ಮುಖ ಬೆಳ್ಳಗಾಗಿಸಲು, ಸೂಟು ತೊಡಿಸಲು ನಾನೂ ದಿನಾ ಬಳಸುವುದೇ, ಸುಮ್ಮನಾದೆ.

ಕೆಳಗಿನ ಸಾಲಿಗೆ ಬಂದ ಕೊನೆಯ ಫೋಟೊದಲ್ಲಿ ಯೂನಿಫಾರ್ಮಿನ ಹುಡುಗಿಯರ ಗುಂಪು, ಕೈಯಲ್ಲಿ ಖೋಖೋ ಕಪ್ಪು.

“ಇವ್ರು ಹುಡುಗಿ ಗೆಳತ್ಯಾರ್ರಿ. ಬಿಟ್ರ ಮುನಿಸ್ಕೊಂತಾರ. ನಡುವ ಇದ್ದಾಕಿನ್ನ ತಗದು ಉಳಿದವ್ರನ್ನ ಹಾಕ್ರಿ,” ಎಂದರು.

“ಆಕಿನ್ನ ಯಾಕ ತಗೀಬೇಕ್ರಿ?”

“ಆಕಿ ಮ್ಯಾಲ ಅದಾಳಲ್ರಿ. ಎರಡೆರಡು ಕಡಿ ಯಾಕ?”

ಎರಡು ಜಡೆಯ ಆ ಪುಟ್ಟ ಮುಖವನ್ನು ಮದುಮಗಳ ಪಕ್ಕಕ್ಕಿಟ್ಟೆ. ಹುಬ್ಬಿನ ಮೇಲೆ ಅದೇ ಗಾಯದ ಗುರುತು. ಕಪ್ಪಿನ ಮೇಲೆ ಆಗಷ್ಟೇ ಮುಗಿದ ಶಾಲಾ ವರ್ಷದ ಇಸವಿ. ಕೆಲವೇ ತಿಂಗಳ ಹಿಂದಿನ ಈ ಹುಡುಗಿಯನ್ನು ಆ್ಯಪ್ ಹೆಂಗಸು ಮಾಡಿತ್ತು.

ಮಷೀನಿನ ಹೆಡ್, ಅಂದರೆ ಇಂಕು ಉಗುಳುವ ಭಾಗ, ಜಾಮ್ ಆಗಿದೆ, ನಾಳೆ ಬನ್ನಿ ಎಂದು ಸಾಗಹಾಕಿದೆ. ಅವರು ಮೆಟ್ಟಿಲಿಳಿದದ್ದೇ ಮಕ್ಕಳ ಸಹಾಯವಾಣಿಗೆ ಫೋನ್ ಹಚ್ಚಿದೆ. ಊರು, ಮದುವೆ ದಿನ ಹೇಳಿದೆ. ಅಲ್ಲಿಯವರು ನನ್ನ ಹೆಸರು ಹೊರಗೆ ಬಿಡುವುದಿಲ್ಲ, ಮಗುವಿನ ಫೋಟೊ ಮತ್ತಾರಿಗೂ ಕಳಿಸಬೇಡಿ ಎಂದರು.

ಮರುದಿನವೇ ಅಧಿಕಾರಿಗಳು ಪೊಲೀಸರೊಂದಿಗೆ ಹಳ್ಳಿಗೆ ಹೋದರು. ಮನೆಯವರು ಅದೇ ರೇಷ್ಮೆ ಸೀರೆಯ ಫೋಟೊ ತೋರಿಸಿ ಹುಡುಗಿ ದೊಡ್ಡವಳು ಎಂದು ವಾದಿಸಿದರಂತೆ. ಒಳಗಿದ್ದ ರೇಣುಕಾಳನ್ನು ಕರೆಸಿ, ಫೋಟೊ ತೋರಿಸಿ ಕೇಳಿದಾಗ ಆಕೆ ಅಂದದ್ದು ಒಂದೇ ಮಾತು: “ಇದು ನಾನಲ್ರಿ.” ಶಾಲೆಯ ದಾಖಲೆಯಲ್ಲಿ ವಯಸ್ಸು ಹದಿನಾಲ್ಕು. ಮದುವೆ ನಿಂತಿತು, ತಂದೆಯಿಂದ ಮುಚ್ಚಳಿಕೆ ಬರೆಸಿಕೊಂಡರು.

ಹೆಸರು ಬಿಡದಿದ್ದರೂ ಹಿರಿಯರಿಗೆ ಅನುಮಾನ ಬಂದೇ ಬಂತು. ಅಂಗಡಿ ಮುಂದೆ ನಿಂತು, “ಫ್ಲೆಕ್ಸ್ ಹೊಡಿಯಾಂವ ಫ್ಲೆಕ್ಸ್ ಹೊಡಿ. ಊರ ಉಸಾಬರಿ ನಿನಗ್ಯಾಕೋ?” ಎಂದರು.

“ಸಾಲಿ ಬಿಟ್ಟಾಂವ್ರಿ ನಾ. ಅದರ ಉರಿ ನನಗ ಗೊತ್ತೈತಿ, ಕಾಕಾ,” ಎಂದೆ.

ಮುಂದಿನ ಕ್ರೀಡಾಕೂಟ ಮುಗಿದ ಮೇಲೆ ಅದೇ ಗೆಳತಿಯರು ಪಿಟಿ ಮೇಷ್ಟ್ರ ಜೊತೆ ಅಂಗಡಿಗೆ ನುಗ್ಗಿದರು. ತಾಲ್ಲೂಕು ಗೆದ್ದಿದ್ದರು, ಅದರ ಫ್ಲೆಕ್ಸ್ ಬೇಕಿತ್ತು. ನಡುವೆ ರೇಣುಕಾ, ಮಂಡಿಯಲ್ಲಿ ಹಸಿ ತರಚುಗಾಯ.

“ಅಣ್ಣಾರ, ಮಾರಿ ಬೆಳ್ಳಗ ಮಾಡಬ್ಯಾಡ್ರಿ. ಇದ್ದಂಗ ಹಾಕ್ರಿ,” ಎಂದಳು. ಇದ್ದ ಹಾಗೇ ಹಾಕಿದೆ.

ಈಗ ಮದುಮಗಳು ತಾನೇ ಬಂದು ಪ್ರೂಫ್ ನೋಡಿ ಹೂಂ ಅಂದರೆ ಮಾತ್ರ ನನ್ನ ಮಷೀನು ಶುರು. ಕೆಲವರು ಬೈದು ಬೇರೆ ಅಂಗಡಿಗೆ ಹೋಗುತ್ತಾರೆ, ಹೋಗಲಿ. ಫೋಟೊದ ಬಾಯಲ್ಲಿ ಯಾರು ಏನನ್ನು ಬೇಕಾದರೂ ಹೇಳಿಸಬಹುದು. ಮಗುವಿನ ಮಾತನ್ನು ಮಗುವಿನಿಂದಲೇ ಕೇಳಬೇಕು.