ಅಕ್ಕನ ಮಂಡಿನೋವು

ನನ್ನ ಓರಗಿತ್ತಿಯ ಮಂಡಿನೋವು ಹುಟ್ಟಿದ್ದು ಅವಳ ಮಂಡಿಯಲ್ಲಲ್ಲ, ನನ್ನ ತಲೆಯಲ್ಲಿ. ಅದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಅಷ್ಟು ಚೆನ್ನಾದ ಸುಳ್ಳನ್ನು ಆಮೇಲೆ ನಾನು ಮತ್ತೆ ಹೇಳಿದ್ದೇ ಇಲ್ಲ.

ಅಬ್ಬಿಗೆರೆಯಲ್ಲಿ ನಮ್ಮ ಮಾವನವರು ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅಪಾರ್ಟ್‌ಮೆಂಟ್ ಇದೆ. ಜಮೀನು ಕೊಟ್ಟವರ ಪಾಲಿಗೆ ಬಂದ ಮನೆಗಳಲ್ಲಿ ಒಂದರಲ್ಲಿ ಭಾವ ಮತ್ತು ಅಕ್ಕ ಇದ್ದಾರೆ, ಎದುರು ಬಾಗಿಲಲ್ಲಿ ನಾವು. ಮದುವೆಯಾಗಿ ಬಂದಾಗಿನಿಂದ ಓರಗಿತ್ತಿಯನ್ನು ನಾನು ಅಕ್ಕ ಎಂದೇ ಕರೆದದ್ದು. ಅಪಾರ್ಟ್‌ಮೆಂಟಿನ ಜನಕ್ಕೆ ಅವಳು ಲ್ಯಾಂಡ್ ಓನರ್ ಆಂಟಿ. ಊರವರಿಗೆ ಮೊದಲು ದೊಡ್ಡಮನೆ ಸೊಸೆ, ಆಮೇಲೆ ಇಂಥವನ ತಾಯಿ, ಈಗ ಇಂಥವಳ ಅಜ್ಜಿ. ಅತ್ತೆ ಹಾಸಿಗೆ ಹಿಡಿದಾಗ ನೋಡಿಕೊಂಡವಳು ಅವಳು, ನನ್ನ ಬಾಣಂತನ ಮಾಡಿದವಳೂ ಅವಳೇ. ಯಾರ ಮನೆಯಲ್ಲಿ ಒಳ್ಳೆಯದಾದರೂ ಕೆಟ್ಟದ್ದಾದರೂ ಮೊದಲು ಅವಳನ್ನೇ ಕೂಗುತ್ತಿದ್ದೆವು. ನಿನಗೇನು ಬೇಕು ಎಂದು ಅವಳನ್ನು ಕೇಳಬೇಕೆಂಬುದು ಮಾತ್ರ ನಮಗ್ಯಾರಿಗೂ ಹೊಳೆದಿರಲಿಲ್ಲ. ಕೇಳಿದ್ದರೂ ಏನೂ ಬೇಡ ಅನ್ನುತ್ತಿದ್ದಳು, ಅದೂ ನಿಜ.

ಒಂದು ಚಳಿಗಾಲದ ಸಂಜೆ ಇಬ್ಬರೂ ಬಾಲ್ಕನಿಯಲ್ಲಿ ಕೂತು ನೆನೆಸಿದ ಅವರೆಕಾಳನ್ನು ಹಿತುಕುತ್ತಿದ್ದೆವು. ಕೆಳಗೆ ಈಜುಕೊಳದಲ್ಲಿ ಮಕ್ಕಳು ಗಲಾಟೆ ಮಾಡುತ್ತಿದ್ದರು. ನನ್ನ ಪಾತ್ರೆ ತುಂಬಿತು, ಅಕ್ಕನ ಪಾತ್ರೆ ತುಂಬಲಿಲ್ಲ. ನೋಡಿದರೆ ಕೈಯಲ್ಲೊಂದು ಕಾಳು ಹಿಡಿದುಕೊಂಡು ಕೆಳಗೇ ನೋಡುತ್ತಾ ಕೂತಿದ್ದಾಳೆ. ಆಮೇಲೆ, ಯಾರೋ ಬೈಯುತ್ತಾರೇನೋ ಎಂಬಷ್ಟು ಮೆಲ್ಲಗೆ ಹೇಳಿದಳು.

"ನಂಗೂ ಅದ್ರೊಳಕ್ಕೆ ಇಳೀಬೇಕು ಕಣಮ್ಮಿ."

ತಮಾಷೆ ಅಂದುಕೊಂಡು ನಕ್ಕೆ. ಅವಳು ನಗಲಿಲ್ಲ. ಅವಳ ತವರು ಹೆಸರಘಟ್ಟ ರಸ್ತೆಯ ಕಡೆ, ತೋಟದಲ್ಲಿ ದೊಡ್ಡ ಬಾವಿಯಿತ್ತಂತೆ. ಅಣ್ಣಂದಿರು ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ದುಡುಮ್ಮನೆ ಹಾರುತ್ತಿದ್ದರೆ ಇವಳು ಅವರ ಬಟ್ಟೆ ಹಿಡಿದುಕೊಂಡು ಮೆಟ್ಟಿಲ ಮೇಲೆ ನಿಂತಿರಬೇಕಿತ್ತು. ಒಂದು ದಿನ ತಡೆಯಲಾರದೆ ಲಂಗ ಎತ್ತಿ ಕಟ್ಟಿ ತಾನೂ ಇಳಿದಳಂತೆ. ಅವಳಮ್ಮ ಜಡೆ ಹಿಡಿದು ಮೇಲಕ್ಕೆಳೆದು, ಹೆಣ್ಣು ಹುಡುಗಿಗೆ ಯಾಕೆ ಬೇಕು ಇವೆಲ್ಲ ಅಂತ ಬಾಸುಂಡೆ ಬರುವಂತೆ ಬಾರಿಸಿದ್ದರು. ಹಳೇ ಮನೆಯಲ್ಲಿ ಎಷ್ಟೋ ವರ್ಷ ಒಂದೇ ಒಲೆಯ ಮುಂದೆ ಕೂತಿದ್ದೇವೆ, ಈ ಕಥೆ ನನಗೆ ಗೊತ್ತೇ ಇರಲಿಲ್ಲ!

ಆದರೆ ಐವತ್ತು ದಾಟಿದ, ಮೊಮ್ಮಗಳುಳ್ಳ ಹೆಂಗಸು ಈಜು ಕಲಿಯುತ್ತೇನೆ ಅಂದರೆ ಮನೆಯಲ್ಲಿ ಏನಂದಾರು? ಆಸೆ ಅಂದರೆ ನಗುತ್ತಾರೆ, ಕಾಯಿಲೆ ಅಂದರೆ ದಾರಿ ಬಿಡುತ್ತಾರೆ. ಅದಕ್ಕೇ ಮಂಡಿನೋವು ಹುಟ್ಟಿಸಿದೆ. ನೀರಲ್ಲಿ ಕೈಕಾಲು ಆಡಿಸಬೇಕು ಅಂತ ಡಾಕ್ಟರು ಹೇಳಿದ್ದಾರೆ, ಜೊತೆಗೆ ನಾನಿರುತ್ತೇನೆ ಎಂದು ಭಾವನಿಗೆ ನಾನೇ ಹೇಳಿದೆ. ಭಾವ ಪಾಪ, ಗಾಬರಿಯಾಗಿ ಯಲಹಂಕಕ್ಕೆ ಹೋಗಿ ಯಾವುದೋ ನಾಟಿ ಎಣ್ಣೆ ತಂದರು. ದಿನಾ ಊಟವಾದ ಮೇಲೆ ತಾವೇ ಕೂತು ಹೆಂಡತಿಯ ಮಂಡಿಗೆ ತಿಕ್ಕತೊಡಗಿದರು.

ಹನ್ನೊಂದರಿಂದ ಹನ್ನೆರಡು ಹೆಂಗಸರ ಹೊತ್ತು ಎಂದು ಗೊತ್ತಾಯಿತು. ತಿಂಡಿ ಪಾತ್ರೆ ತೊಳೆದಾಗಿರುತ್ತದೆ, ಮಧ್ಯಾಹ್ನದ ಮುದ್ದೆಗೆ ಎಸರಿಡುವ ಹೊತ್ತು ಇನ್ನೂ ಆಗಿರುವುದಿಲ್ಲ. ಕೊಳದ ಸುತ್ತ ಹಸಿರು ಪರದೆ ಕಟ್ಟುತ್ತಿದ್ದರು. ಕಲಿಸುವುದಕ್ಕೆ ಸೋಲದೇವನಹಳ್ಳಿಯ ಕಾಲೇಜಿನ ಕಡೆಯಿಂದ ಒಬ್ಬ ಪಿ.ಟಿ. ಮೇಡಂ ಬರುತ್ತಿದ್ದಳು, ಚಿಕ್ಕ ವಯಸ್ಸಿನವಳು. ಸೀರೆ, ನೈಟಿ ನಡೆಯುವುದಿಲ್ಲ, ಈಜುಡುಗೆಯೇ ಆಗಬೇಕು ಅಂದಳು. ಕಾಲಿನ ಹರಡಿನವರೆಗೂ ಮುಚ್ಚುವಂಥದ್ದನ್ನು ಹುಡುಕಿ ತಂದೆ. ಅದನ್ನು ಹಾಕಿಕೊಂಡು ಅಕ್ಕ ಬಟ್ಟೆ ಬದಲಿಸುವ ಕೋಣೆಯಿಂದ ಈಚೆಗೇ ಬರಲೊಲ್ಲಳು. ಸರ್ಕಸ್ಸಿನವಳ ಥರ ಕಾಣ್ತೀನಾ ಅಂತ ಒಳಗಿಂದಲೇ ಕೇಳಿದಳು. ಸರ್ಕಸ್ಸಿನವಳು ನಿನ್ನಷ್ಟು ದಪ್ಪ ಇರಲ್ಲ ಬಾ ಅಂದೆ. ಬೈದುಕೊಂಡೇ ಬಂದಳು.

ನಾನು ಕೊನೆಯವರೆಗೂ ಕೊಳದಂಚಿನ ಕಂಬಿ ಬಿಡಲಿಲ್ಲ. ನನ್ನದು ಗಟ್ಟಿ ನೆಲದ ಜಾತಕ. ಅಕ್ಕ ಮಾತ್ರ ಮೂಗಿಗೆ ನೀರು ಹೋಗಿ ಕೆಮ್ಮುತ್ತಾ, ಮತ್ತೆ ಮುಳುಗುತ್ತಾ, ಹಟ ಹಿಡಿದು ಕಲಿತಳು. ಒಂದು ದಿನ ಮೇಡಂ ಅವಳ ಬೆನ್ನ ಕೆಳಗಿಂದ ಮೆಲ್ಲಗೆ ಕೈ ತೆಗೆದಳು. ಅಕ್ಕ ಮುಳುಗಲಿಲ್ಲ. ಅಂಗಾತ ತೇಲಿದಳು. ಆ ಮುಖ ಹೇಗಿತ್ತು ಅಂತೀರಿ? ಯಾರಿಗೂ ಬಡಿಸಬೇಕಾಗಿಲ್ಲದವಳ ಮುಖ. ಅದನ್ನು ನೋಡಿ ನನಗೆ ಅಳು ಬಂತು. ಕಣ್ಣಿಗೆ ಕ್ಲೋರಿನ್ ಹೋಯಿತು ಅಂದೆ.

ಇನ್ನು ಆಳದ ಕಡೆ ಹೋಗಬಹುದು ಎಂದು ಮೇಡಂ ಹೇಳಿದ ದಿನವೇ ಕೆಲಸ ಕೆಟ್ಟದ್ದು. ಗಂಗಮ್ಮನಿಗೆ ಪೂಜೆ ಮಾಡದೆ ಆಳದ ನೀರಿಗೆ ಇಳಿಯುವುದುಂಟೇ? ನಮ್ಮಲ್ಲಿ ಬಾಣಂತಿ ಕೂಡ ಗಂಗೆಪೂಜೆ ಮಾಡದೆ ನೀರು ಸೇದುವುದಿಲ್ಲ. ಆ ದಿನ ಮುಸ್ಸಂಜೆ ಮಕ್ಕಳೆಲ್ಲ ಎದ್ದು ಹೋದ ಮೇಲೆ ಅಕ್ಕ ಪೂಜೆ ತಟ್ಟೆ ತಂದಳು. ಕೊಳದ ಅಂಚಿಗೆ ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಏರಿಸಿ, ಕರ್ಪೂರ ಬೆಳಗಿ, ಕಾಯಿ ಒಡೆದಳು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಬಾವಿಗಾದರೆ ಒಂದು ಚಿಟಿಕೆ ಅರಿಶಿನ ಸಾಕು, ಇಷ್ಟು ದೊಡ್ಡ ನೀರಿಗೆ ಚಿಟಿಕೆ ಹಾಕಿದರೆ ಗಂಗಮ್ಮ ಏನಂದುಕೊಂಡಾಳು ಅಂತ ಅರಿಶಿನದ ಪೊಟ್ಟಣವನ್ನೇ ಸುರಿದಳು. ಕುಂಕುಮದ್ದೂ ಹಾಗೇ. ನಾನೂ ಭಕ್ತಿಯಿಂದ ಕೈಮುಗಿದು, ಬಿಡಿ ಹೂವೆಲ್ಲ ತೇಲಿಬಿಟ್ಟೆ.

ಮರುದಿನ ಬೆಳಿಗ್ಗೆ ಅಸೋಸಿಯೇಷನ್ ಕಾರ್ಯದರ್ಶಿಗಳು ಎಂದಿನಂತೆ ಕನ್ನಡಕ ತೆಗೆದಿಟ್ಟು ನೀರಿಗೆ ಇಳಿದರು. ಎದ್ದು ಬಂದಾಗ ಅರಿಶಿನ ಶಾಸ್ತ್ರ ಮುಗಿಸಿದ ಮದುವಣಿಗನ ಬಣ್ಣ ಬಂದಿತ್ತಂತೆ. ಸೇವಂತಿಗೆ ಎಸಳು ಹೋಗಿ ನೀರು ಸೋಸುವ ಯಂತ್ರವೂ ಕೆಟ್ಟಿತ್ತು. ಮಧ್ಯಾಹ್ನದೊಳಗೆ ವಾಟ್ಸಾಪಿನಲ್ಲಿ ಹಳದಿ ನೀರಿನ ಫೋಟೋ ಬಂತು. ಹೆಂಗಸರ ಹೊತ್ತನ್ನು ಇನ್ನು ಮುಂದೆ ನಿಲ್ಲಿಸುವ ಬಗ್ಗೆ ಭಾನುವಾರ ಸಭೆ ಅಂತ ಕೆಳಗೇ ಬರೆದಿದ್ದರು.

ಅಕ್ಕ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅನ್ನ ಕಲೆಸಿ ಕಲೆಸಿ ಬಿಡುತ್ತಿದ್ದಳು. ಹೋಗ್ಲಿ ಬಿಡು, ನಮ್ಮಂಥೋರಿಗಲ್ಲ ಅದೆಲ್ಲಾ ಅಂತ ನನಗೇ ಸಮಾಧಾನ ಹೇಳಿದಳು. ಮಗಳನ್ನು ಗಂಡನ ಮನೆಗೆ ಕಳಿಸಿದ ದಿನವೂ ಅವಳು ಇಷ್ಟು ಕುಗ್ಗಿದ್ದನ್ನು ನಾನು ನೋಡಿರಲಿಲ್ಲ.

ಸಭೆಗೆ ಯಾವತ್ತೂ ಭಾವ ಒಬ್ಬರೇ ಹೋಗುತ್ತಿದ್ದರು. ಆ ಭಾನುವಾರ ನಾವಿಬ್ಬರೂ ಹಿಂದೆ ಹೋಗಿ ನಿಂತೆವು. ಕಾರ್ಯದರ್ಶಿಗಳು ಬಹಳ ಹೊತ್ತು ಮಾತಾಡಿದರು. ಕೊನೆಗೆ, ಹೆಂಗಸರ ಹೊತ್ತು ರದ್ದು, ಕಾಯಿಲೆಯಿದ್ದವರು ಡಾಕ್ಟರ ಚೀಟಿ ತಂದರೆ ಅವರಿಗೆ ಮಾತ್ರ ಬಿಡಬಹುದು ಅಂದರು. ಭಾವ ತಕ್ಷಣ ಎದ್ದು ನಿಂತರು. ತಮ್ಮ ಹೆಂಡತಿಯ ಮಂಡಿ ಎಷ್ಟು ನೋಯುತ್ತದೆ, ರಾತ್ರಿ ಎಷ್ಟು ಒದ್ದಾಡುತ್ತಾಳೆ ಎಂದೆಲ್ಲ ಹೇಳಿ, ನಾಳೆಯೇ ಚೀಟಿ ತಂದುಕೊಡುತ್ತೇನೆ ಅಂದರು. ಕಾರ್ಯದರ್ಶಿಗಳು ಆಗಲಿ ಎಂದು ತಲೆಯಾಡಿಸಿದರು. ಅಬ್ಬಾ, ಬದುಕಿದೆವು ಎಂದುಕೊಂಡೆ ನಾನು.

ಆಗ ಅಕ್ಕ ಬಾಯಿಬಿಟ್ಟಳು.

"ನನ್ ಮಂಡಿಗೇನೂ ಆಗಿಲ್ಲ."

ಎಲ್ಲರೂ ತಿರುಗಿದರು. ನಾನು ಅವಳ ಸೆರಗು ಜಗ್ಗಿದೆ. ಕೈಗೆ ಬಂದ ತುತ್ತನ್ನು ಹೀಗೆ ಚೆಲ್ಲುವವರುಂಟೇ ಎಂದು ಸಿಟ್ಟೂ ಬಂತು. ಮತ್ತೆ ಯಾಕಮ್ಮಾ ಈಜೋದು ಅಂತ ಕಾರ್ಯದರ್ಶಿಗಳು ಕೇಳಿದರು.

"ನಂಗಿಷ್ಟ, ಅದಕ್ಕೆ. ನೀವು ದಿನಾ ಬೆಳಿಗ್ಗೆ ಈಜ್ತೀರಲ್ಲ ಸಾರ್, ನಿಮಗ್ಯಾವ ಕಾಯಿಲೆ?"

ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಇಡೀ ಸಭೆ ನಕ್ಕಿತು, ಕಾರ್ಯದರ್ಶಿಗಳೂ ನಕ್ಕರು. ಅಕ್ಕ ಮಾತ್ರ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದಳು. ನೀರು ಕೆಡಿಸಿದ್ದು ತಪ್ಪು, ಖಾಲಿ ಮಾಡಿಸಿ, ನಾವೇ ಇಳಿದು ಉಜ್ಜಿ ಕೊಡ್ತೀವಿ, ಹೊತ್ತು ಮಾತ್ರ ಬಿಡಲ್ಲ ಅಂದಳು. ಹಾಗೇ ಮಾಡಿದೆವು. ಬೇರೆ ಮನೆಗಳ ಹೆಂಗಸರೂ ತೆಂಗಿನ ನಾರು, ಪೊರಕೆ ಹಿಡಿದು ಬಂದರು. ಅವತ್ತಿನವರೆಗೆ ನಮ್ಮನ್ನು ಮಾತಾಡಿಸದವರೂ ಅವರಲ್ಲಿದ್ದರು. ಹೆಂಗಸರ ಹೊತ್ತು ಉಳಿಯಿತು.

ಆ ಭಾನುವಾರ ಸಭೆಯಿಂದ ಬರುವಾಗ ಭಾವ ನಮಗಿಂತ ಮುಂದೆ ಮುಂದೆ ನಡೆದರು. ಲಿಫ್ಟಿನೊಳಗೆ, ಗೋಡೆ ನೋಡಿಕೊಂಡು ಕೇಳಿದರು. "ಅಂಗಾದ್ರೆ ದಿನಾ ಎಣ್ಣೆ ತಿಕ್ಕಿಸ್ಕೊಂತಿದ್ದದ್ದು?"

"ಅದೂ ಇಷ್ಟಾನೇ ಆಗಿತ್ತು," ಅಂದಳು ಅಕ್ಕ.

ಭಾವ ಕೆಮ್ಮಿದರು. ನಾನು ಮಹಡಿಯ ನಂಬರು ನೋಡುತ್ತಾ ನಿಂತೆ. ಆದರೂ ಅವರಿಗೆ ಬೇಸರವಾಗಿತ್ತು. ನಾಲ್ಕು ಜನರ ಮುಂದೆ ಸುಳ್ಳುಗಾರನಾದೆನಲ್ಲ ಎಂಬ ಮುನಿಸು. ಎಣ್ಣೆ ಸೀಸೆ ಬೀರುವಿನ ಮೇಲಕ್ಕೆ ಹೋಯಿತು. ಅಕ್ಕ ಹನ್ನೊಂದಕ್ಕೆ ಹೊರಟರೆ ಭಾವ ಪೇಪರಿನಿಂದ ತಲೆಯೆತ್ತುತ್ತಿರಲಿಲ್ಲ. ಎಲ್ಲಿಗೆ ಹೋಗುತ್ತಾಳೆ ಎಂಬ ಮಾತನ್ನು ಬಾಯಲ್ಲಿ ಆಡುತ್ತಲೂ ಇರಲಿಲ್ಲ. ಯಾರಾದರೂ ಕೇಳಿದರೆ ಒಳಗೆಲ್ಲೋ ಇದ್ದಾಳೆ ಅನ್ನುತ್ತಿದ್ದರು. ಅಕ್ಕನಿಗೆ ಅದು ನೋವು, ನನಗೆ ಗೊತ್ತಿತ್ತು. ಗಂಡ ನಗುತ್ತಾ ಹೋಗಿ ಬಾ ಅನ್ನದಿದ್ದರೆ ಗೆದ್ದದ್ದು ಅವಳಿಗೆ ಪೂರ್ತಿ ಗೆದ್ದ ಹಾಗೆ ಆಗುತ್ತಿರಲಿಲ್ಲ. ಆದರೂ ಹೋಗುವುದನ್ನು ಬಿಡಲಿಲ್ಲ.

ಹೋದ ತಿಂಗಳು ಒಂದು ದಿನ ನಾನು ಕಂಬಿ ಹಿಡಿದು ನಿಂತಿದ್ದೆ, ಅಕ್ಕ ಆಳದ ನಡುವೆ ಅಂಗಾತ ತೇಲುತ್ತಿದ್ದಳು. ಪರದೆಯಾಚೆಯಿಂದ ಭಾವನ ದನಿ ಬಂತು. ಮಗಳ ಮಾವನ ಕಡೆಯವರು ಫೋನು ಮಾಡಿದ್ದಾರೆ, ಗೊರಗುಂಟೆಪಾಳ್ಯಕ್ಕೆ ಬಂದಿದ್ದಾರಂತೆ, ಇನ್ನೇನು ಮನೆಗೆ ಬರುತ್ತಾರೆ, ಬೇಗ ಬಾ ಅಂತ ಕರೆದರು. ಮತ್ತೆ ಕರೆದರು. ಅಕ್ಕ ಅಲುಗಲಿಲ್ಲ. ಕಿವಿ ನೀರಲ್ಲಿದೆ, ಕೇಳಿಸಿಲ್ಲ ಅಂದುಕೊಂಡು ನಾನೇ ಕೂಗಿದೆ.

"ಕೇಳಿಸ್ತು ಕಣಮ್ಮಿ," ಅಂದಳು, ಆಕಾಶ ನೋಡುತ್ತಲೇ. "ಅವರಿನ್ನೂ ಟ್ರಾಫಿಕ್ ದಾಟಿ ಬರ್ಬೇಕು. ಹನ್ನೆರಡಕ್ಕೆ ಬರ್ತೀನಿ."

ಫೋನಲ್ಲೇ ಅವ್ರೆ, ನಿಮ್ಮನೆಯೋರು ಎಲ್ಲಿ ಅಂತವ್ರೆ, ಏನನ್ನಲಿ ಎಂದು ಭಾವ ಪಿಸುದನಿಯಲ್ಲಿ ನನ್ನನ್ನು ಕೇಳಿದರು. ಮಂಡಿ ಎಂಬ ಮಾತು ನನ್ನ ನಾಲಗೆಯ ತುದಿಗೇ ಬಂದಿತ್ತು. ಅಷ್ಟರಲ್ಲಿ ಅಕ್ಕ ಮಗುಚಿ ತಲೆಯೆತ್ತಿದಳು.

"ಈಜ್ತಾವ್ಳೆ ಅನ್ನಿ."

ಭಾವ ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು. ಆಮೇಲೆ ಅವರ ಚಪ್ಪಲಿ ಸದ್ದು ದಾರಿಗುಂಟ ದೂರ ಹೋಯಿತು. ಅಕ್ಕ ಉಸಿರು ಬಿಗಿಹಿಡಿದು ಅಲ್ಲೇ ಕಾಲು ಬಡಿಯುತ್ತಿದ್ದಳು. ಲಿಫ್ಟಿನ ಹತ್ತಿರದಿಂದ, ಎಲ್ಲರಿಗೂ ಕೇಳಿಸಲಿ ಎಂಬಷ್ಟು ದೊಡ್ಡ ದನಿಯಲ್ಲಿ ಭಾವ ಬೀಗರಿಗೆ ಹೇಳುತ್ತಿದ್ದರು.

"ನಮ್ಮನೆಯೋರಾ? ಈಜ್ತಾವ್ರೆ. ಊಂ ಕಣ್ರೀ, ಈಜ್ತಾವ್ರೆ. ಬನ್ನಿ ನೀವು, ಕಾಫಿ ನಾನ್ ಮಾಡ್ತೀನಿ."