ಭಾಷೆ ಹುಡುಕಿದ ನಾಲ್ಕು ನಿಮಿಷ

ಆ ಶನಿವಾರ ಮಧ್ಯಾಹ್ನ ಅಮೆರಿಕದ ಕ್ಯಾಂಟನ್ ಊರಿನ ನಮ್ಮ ಮನೆಯ ಬಾಗಿಲು ಬಡಿದವರು ಪಕ್ಕದ ಮನೆಯ ಅಜ್ಜಿ. ಹೊರಗೆ ಹದಿನಾಲ್ಕು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ. ಅವರ ಮೈಮೇಲೆ ಕೋಟಿರಲಿಲ್ಲ, ಕಾಲಲ್ಲಿ ಮನೆಯೊಳಗೆ ಹಾಕುವ ಚಪ್ಪಲಿ. ನೈಜೀರಿಯಾದಿಂದ ಮಗನ ಮನೆಗೆ ಬಂದು ತಿಂಗಳಾಗಿತ್ತು, ಇಂಗ್ಲಿಷ್ ಬರುತ್ತಿರಲಿಲ್ಲ. ಒಂದೇ ಮಾತನ್ನು ಮೂರು ಸಲ ಹೇಳಿ, ನನ್ನ ಅಂಗಿಯ ತೋಳು ಹಿಡಿದು ಎಳೆದರು.

ಮುಂದೆ ನಾನು ಮಾಡಿದ್ದನ್ನು ಕ್ರಮವಾಗಿ ಬರೆಯುತ್ತೇನೆ. ನಾಚಿಕೆಯಾಗುತ್ತದೆ, ಆದರೂ ಕ್ರಮ ತಪ್ಪಿಸುವುದಿಲ್ಲ.

ನಮ್ಮ ಕನ್ನಡಿಗರಿಗೆ ಒಂದು ಚಟವಿದೆ. ತಮಿಳರು ಸಿಕ್ಕರೆ ತಮಿಳು, ತೆಲುಗರು ಸಿಕ್ಕರೆ ತೆಲುಗು. ಎದುರಿನವರ ಭಾಷೆಯಲ್ಲಿ ತಪ್ಪುತಪ್ಪಾಗಿಯಾದರೂ ಎರಡು ಮಾತಾಡದಿದ್ದರೆ ಉಂಡ ಅನ್ನ ಅರಗುವುದಿಲ್ಲ. ಇದಕ್ಕೆ ಸೌಜನ್ಯ ಎಂದು ನಾವೇ ಹೆಸರಿಟ್ಟುಕೊಂಡಿದ್ದೇವೆ. ಆ ಸೌಜನ್ಯ ನನ್ನ ಮೈಮೇಲೆ ಬಂತು. ಅಜ್ಜಿಯನ್ನು ಸೋಫಾದ ಮೇಲೆ ಕೂರಿಸಿದೆ. ಕೂರಿಸಿದೆ ಎನ್ನುವುದು ಸರಿಯಲ್ಲ, ಅವರು ಕೂರಲಿಲ್ಲ. ನನ್ನ ಆಫೀಸಿನ ನೈಜೀರಿಯಾದ ಎಂಜಿನಿಯರ್‌ಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ.

"ಇವರ ಹತ್ರ ಸ್ವಲ್ಪ ನಿಮ್ಮ ಭಾಷೇಲಿ ಮಾತಾಡಪ್ಪ" ಎಂದು ಇಂಗ್ಲಿಷಿನಲ್ಲಿ ಕೇಳಿಕೊಂಡೆ.

ಆತ ತನ್ನ ಇಗ್ಬೋ ಭಾಷೆಯಲ್ಲಿ ಮಾತಾಡಿದ. ಅಜ್ಜಿ ಇಲ್ಲವೆಂದು ತಲೆಯಾಡಿಸಿದರು. ಮಾರ್ಕೆಟ್ಟಿನಲ್ಲಿ ಕಲಿತ ನಾಲ್ಕು ಹೌಸಾ ಮಾತು ಎಸೆದ. ಅದಕ್ಕೂ ತಲೆಯಾಡಿಸಿದರು. ಆತ ನಕ್ಕುಬಿಟ್ಟ.

"ನಮ್ಮಲ್ಲಿ ನೂರಾರು ಭಾಷೆ ಇದೆ ಮಾರಾಯ. ಯಾರಾದ್ರೂ ನಿನ್ನ 'ಇಂಡಿಯನ್ ಮಾತಾಡ್ತೀಯಾ' ಅಂದ್ರೆ ಉರಿದು ಬೀಳ್ತೀಯಲ್ಲ?"

ನಿಜ, ಬೀಳುತ್ತೇನೆ. ಅಷ್ಟರಲ್ಲಿ ಬಟ್ಟೆ ಒಗೆಯಲು ಹಾಕಿ ಬಂದ ನನ್ನ ಹೆಂಡತಿ ಬಾಗಿಲಲ್ಲಿ ನಿಂತಳು. ಅವಳು ಗದಗಿನವಳು.

"ಏನ್ ಮಾಡಾಕತ್ತೀರಿ?"

"ಯಾವ ಭಾಷೆ ಅಂತ ನೋಡ್ತಿದೀನಿ."

"ಭಾಷಿ ತಗೊಂಡು ಏನ್ ಉಪ್ಪಿನಕಾಯಿ ಹಾಕ್ತೀರೇನು? ಆಕಿ ಕಾಲ್ ನೋಡ್ರಿ, ಇಂಥಾ ಚಳ್ಯಾಗ ಮನಿ ಚಪ್ಪಲಿ ಮ್ಯಾಲ ಓಡಿ ಬಂದಾಳ!"

ಬೂಟು ಮೆಟ್ಟಿದಳು. "ನಡ್ರಿ ಯವ್ವಾ, ಏನಾಗೈತಿ ತೋರಸ್ರಿ" ಎಂದಳು. ಅಜ್ಜಿ ತಿರುಗಿ ಓಡಿದರು. ನಾವು ಹಿಂದೆ ಓಡಿದೆವು.

ಅವರ ಮಗ ಬೇಸ್‌ಮೆಂಟಿನ ಮೆಟ್ಟಿಲ ಕೆಳಗೆ ಬಿದ್ದಿದ್ದ. ಎಡಗಾಲು ಮಡಿಚಬಾರದ ಕಡೆ ಮಡಿಚಿಕೊಂಡಿತ್ತು. ತಲೆಯ ಹಿಂದೆ ರಕ್ತ. ಕಣ್ಣು ತೆರೆದಿತ್ತು. ಆಂಬುಲೆನ್ಸಿಗಾಗಿ 911 ಒತ್ತಲು ಫೋನ್ ತೆಗೆದಾಗ ಎಂಜಿನಿಯರ್ ಇನ್ನೂ ಲೈನಿನಲ್ಲೇ ಇದ್ದ. ಕರೆಯ ಅವಧಿ ನಾಲ್ಕು ನಿಮಿಷ, ಹನ್ನೊಂದು ಸೆಕೆಂಡು.

ಮೂರನೆಯ ದಿನ ಆಸ್ಪತ್ರೆಗೆ ಹೋದೆವು. ಕಾಲಿಗೆ ರಾಡ್ ಹಾಕಿದ್ದರು, ತಲೆಗೆ ಹೊಲಿಗೆ. ಬದುಕಿದ್ದ, ಮಾತಾಡುತ್ತಿದ್ದ. ಅಮ್ಮನ ಭಾಷೆ ಕನೂರಿ ಎಂದ. ಇಗ್ಬೋ ಒಂದು ಭಾಷಾ ಕುಟುಂಬದ್ದು, ಹೌಸಾ ಅರಬ್ಬಿಯ ದೂರದ ನೆಂಟ, ಕನೂರಿ ಈ ಎರಡಕ್ಕೂ ಸೇರದ ಮೂರನೆಯ ಮನೆ. ಒಂದೇ ದೇಶ, ಒಂದೇ ಪಾಸ್‌ಪೋರ್ಟ್. ಕನ್ನಡಕ್ಕೂ ಹಿಂದಿಗೂ ಎಷ್ಟು ನೆಂಟಸ್ತನವೋ ಅಷ್ಟೇ. ಇದನ್ನೇ ನಾನು ಎಲ್ಲರೂ ಒಂದೊಂದು ಅಡುಗೆ ತರುವ ಪ್ರತಿ ಪಾಟ್‌ಲಕ್ ಊಟದಲ್ಲೂ ಅಮೆರಿಕನ್ನರಿಗೆ ಭಾರತದ ಬಗ್ಗೆ ಬೋಧಿಸುತ್ತೇನೆ.

ಅವತ್ತು ಬಾಗಿಲಲ್ಲಿ ಅಜ್ಜಿ ಏನೆಂದಿದ್ದರು ಎಂದು ಕೇಳಿದೆ. ಮಗ ಪಕ್ಕದಲ್ಲಿ ಕೂತಿದ್ದ ಅವರನ್ನು ಕೇಳಿ ಹೇಳಿದ: "ಮಗ ಬಿದ್ದಿದ್ದಾನೆ, ಬಾ."

ಅಜ್ಜಿ ಮತ್ತೇನೋ ಸೇರಿಸಿದರು.

"ಅಷ್ಟು ಹೊತ್ತು ಫೋನಲ್ಲಿ ಯಾರ ಜೊತೆ ಮಾತಾಡ್ತಿದ್ರಿ ಅಂತ ಕೇಳ್ತಿದಾರೆ."

"ಡಾಕ್ಟರ್ ಜೊತೆ" ಎಂದೆ.

ಹೆಂಡತಿ ಕಿಟಕಿಯ ಕಡೆ ತಿರುಗಿದಳು. ಅಜ್ಜಿ ನನ್ನ ಎರಡೂ ಕೈ ಹಿಡಿದು, ಕಣ್ಣಲ್ಲಿ ನೀರು ತಂದುಕೊಂಡು, ಬಹಳ ಹೊತ್ತು ಹರಸಿದರು. ಅನುವಾದಿಸಲು ಮಗ ಬಾಯಿ ತೆರೆದ. ಬೇಡ ಎಂದೆ.